ಗಾಡಿ ನಿಧಾನಿಸುವಾಗ ನಡುಗುವುದೇಕೆ?

ಪರಸ್ಥಳದಲ್ಲಿ ಸಂಸಾರ ಹೂಡಿರುವ ನಮ್ಮವರ ಪಾಲಿಗೆ ಮೋಟಾರ್ ಸೈಕಲ್ಲು ಮನೆಯ ಆಳಿನಂತೆ ದುಡಿಯುವ ಯಂತ್ರ. ಬೆಳಿಗ್ಗೆ ಮಗುವನ್ನು ಶಾಲೆಗೆ ಮುಟ್ಟಿಸುವುದು, ಆಮೇಲೆ ಕಚೇರಿಗೆ ಓಡುವುದು, ಸಂಜೆ ತರಕಾರಿಯ ಚೀಲ ಹೊರುವುದು, ಭಾನುವಾರ ದಂಪತಿಗಳನ್ನು ಸಂಘದ ಕಾರ್ಯಕ್ರಮಕ್ಕೆ ಕರೆತರುವುದು, ಎಲ್ಲವೂ ಅದರದೇ ಕೆಲಸ. ಎತ್ತು ಕುಂಟಿದರೆ ರೈತನು ಆ ಕ್ಷಣವೇ ಅದರ ಕಾಲೆತ್ತಿ ಗೊರಸು ನೋಡುತ್ತಾನೆ. ಗಾಡಿ ಕುಂಟಿದರೆ ಮಾತ್ರ "ಮುಂದಿನ ಸರ್ವಿಸಿನಲ್ಲಿ ಹೇಳಿದರಾಯಿತು" ಎನ್ನುವವರೇ ಹೆಚ್ಚು.

ಇಂಥ ಕುಂಟುಗಳಲ್ಲಿ ಬಲು ವಿಚಿತ್ರವಾದುದು ಒಂದಿದೆ. ಗಾಡಿ ಓಡುವಾಗ ಹೂವಿನಂತೆ ಹೋಗುತ್ತದೆ. ನಿಲ್ಲಿಸಹೊರಟರೆ ಮಾತ್ರ ಚಳಿಜ್ವರ ಬಂದವರಂತೆ ನಡುಗುತ್ತದೆ. ಕೆಲವರಿಗೆ ಹ್ಯಾಂಡಲ್ಲು ಅದುರುತ್ತದೆ, ಕೆಲವರಿಗೆ ಸೀಟು, ಇನ್ನು ಕೆಲವರಿಗೆ ಕಾಲಡಿಯ ಫುಟ್‌ರೆಸ್ಟು. ವೇಗವಾಗಿ ಹೋಗುವಾಗ ಇಲ್ಲದ ನಡುಕ ನಿಧಾನಿಸುವಾಗ ಬರುವುದೇಕೆ? ಅದರ ಮೂಲವನ್ನು ಹಿಡಿಯುವುದು ಹೇಗೆ? ಪಾನಾ ಹಿಡಿದು ಅಭ್ಯಾಸವಿಲ್ಲದವರೂ ಮಾಡಬಹುದಾದ ಕೆಲವು ಪರೀಕ್ಷೆಗಳನ್ನು ಇಲ್ಲಿ ವಾಚಕರ ಮುಂದೆ ಇಡುತ್ತೇವೆ. ಗಾಡಿಯನ್ನು ನಿಲ್ಲಿಸುವ ಬ್ರೇಕು, ತಿರುಗಿಸುವ ಹ್ಯಾಂಡಲ್ಲು, ಹೊರುವ ಚಕ್ರ, ಈ ಮೂರರ ದೋಷವೂ ಇದೇ ನಡುಕದ ರೂಪದಲ್ಲಿ ಕಾಣಿಸಿಕೊಳ್ಳುವುದುಂಟು. ಹಿಂದೆ ಕುಳಿತ ಹೆಂಡತಿ ಮಕ್ಕಳ ಪ್ರಾಣ ಈ ಮೂರನ್ನೇ ನಂಬಿದೆಯಾದ್ದರಿಂದ ಇದನ್ನು ಉದಾಸೀನ ಮಾಡುವಂತಿಲ್ಲ.

ನಿಧಾನಿಸುವಾಗ ಆಗುವುದೇನು?

ನಾವು ಆಕ್ಸಿಲರೇಟರನ್ನು ಬಿಟ್ಟ ಕೂಡಲೆ ಗಾಡಿಯಲ್ಲಿ ಮೂರು ಬದಲಾವಣೆಗಳು ಆಗುತ್ತವೆ.

ಮೊದಲನೆಯದು, ಭಾರದ ಬದಲಾವಣೆ. ಬಸ್ಸು ಬ್ರೇಕು ಹಾಕಿದಾಗ ನಿಂತವರೆಲ್ಲ ಮುಂದಕ್ಕೆ ವಾಲುವಂತೆ, ಗಾಡಿಯ ಭಾರವೂ ಮುಂಚಕ್ರದ ಮೇಲೆ ಬೀಳುತ್ತದೆ. ಮುಂದಿನ ಫೋರ್ಕು ಕುಗ್ಗುತ್ತದೆ, ಟೈರು ಅದುಮಿಕೊಳ್ಳುತ್ತದೆ. ಅದುವರೆಗೆ ಹಗುರಾಗಿದ್ದ ಮುಂಭಾಗದಲ್ಲಿ ಯಾವ ಸಡಿಲವಿದ್ದರೂ ಆಗ ಬಯಲಿಗೆ ಬರುತ್ತದೆ.

ಎರಡನೆಯದು, ಎಳೆತದ ಬದಲಾವಣೆ. ಓಡುವಾಗ ಎಂಜಿನು ಚಕ್ರವನ್ನು ಎಳೆಯುತ್ತದೆ; ಚೈನಿನ ಮೇಲಿನ ಸಾಲು ಬಿಗಿಯಾಗಿರುತ್ತದೆ. ಆಕ್ಸಿಲರೇಟರು ಬಿಟ್ಟಾಗ ಚಕ್ರವೇ ಎಂಜಿನನ್ನು ಎಳೆಯಬೇಕಾಗುತ್ತದೆ. ಚೈನಿನ ಕೆಳಸಾಲು ಬಿಗಿಯಾಗಿ ಮೇಲಿನದು ಜೋಲುತ್ತದೆ. ಚೈನು, ಹಲ್ಲು, ರಬ್ಬರುಗಳಲ್ಲಿ ಸವೆತವಿದ್ದರೆ ಈ ಅದಲುಬದಲಿನಲ್ಲಿ ಅದು ತಟ್ಟಿ ಹೇಳುತ್ತದೆ.

ಮೂರನೆಯದು, ಗತಿಯ ಬದಲಾವಣೆ. ಉಯ್ಯಾಲೆಯನ್ನು ಅದರ ತೂಗಾಟಕ್ಕೆ ಸರಿಯಾಗಿ ತಳ್ಳಿದರೆ ಚಿಕ್ಕ ಕೈಯೂ ಅದನ್ನು ಎತ್ತರಕ್ಕೆ ಏರಿಸಬಲ್ಲದು. ಹ್ಯಾಂಡಲ್ಲು ಮತ್ತು ಮುಂಚಕ್ರಗಳಿಗೂ ಹೀಗೆ ಸಹಜವಾದ ತೂಗಾಟವೊಂದಿದೆ. ಅದು ಸೆಕೆಂಡಿಗೆ ೪ರಿಂದ ೧೦ ಸಲದ ಆಸುಪಾಸು. ಸಾಮಾನ್ಯ ಮೋಟಾರ್ ಸೈಕಲ್ಲಿನ ಚಕ್ರದ ಸುತ್ತಳತೆ ಹೆಚ್ಚುಕಡಿಮೆ ೨ ಮೀಟರು. ಗಂಟೆಗೆ ೭೨ ಕಿಲೋಮೀಟರು ವೇಗವೆಂದರೆ ಸೆಕೆಂಡಿಗೆ ೨೦ ಮೀಟರು, ಅಂದರೆ ಚಕ್ರದ ೧೦ ಸುತ್ತು. ೩೬ ಕಿಲೋಮೀಟರಿಗೆ ಇಳಿದಾಗ ೫ ಸುತ್ತು. ಚಕ್ರದಲ್ಲಿ ಚಿಕ್ಕ ಓರೆ ಇದ್ದರೂ ಪ್ರತಿ ಸುತ್ತಿಗೊಮ್ಮೆ ಅದು ಹ್ಯಾಂಡಲ್ಲನ್ನು ತಳ್ಳುತ್ತದೆ. ಆ ತಳ್ಳು ತೂಗಾಟದ ಗತಿಗೆ ಕೂಡಿಬಂದಾಗ ನಡುಕ ದೊಡ್ಡದಾಗುತ್ತದೆ. ೬೦ರಿಂದ ೪೦ಕ್ಕೆ ಇಳಿಯುವಾಗ ಮಾತ್ರ ಹ್ಯಾಂಡಲ್ಲು ಅದುರಿ ಆಮೇಲೆ ತಾನಾಗಿ ನಿಂತುಹೋಗುವುದರ ಗುಟ್ಟು ಇದೇ.

ಈ ಲೆಕ್ಕದಿಂದ ಇನ್ನೊಂದು ಪ್ರಯೋಜನವಿದೆ. ನಿಮಿಷಕ್ಕೆ ೩೦೦೦ ಸುತ್ತು ತಿರುಗುವ ಎಂಜಿನು ಸೆಕೆಂಡಿಗೆ ೫೦ ಸುತ್ತು ತಿರುಗುತ್ತದೆ. ಆದ್ದರಿಂದ ಎಂಜಿನಿನ ನಡುಕ ದುಂಬಿಯ ಝೇಂಕಾರದಂತೆ ಸಣ್ಣದು, ಕೈಬೆರಳು ಜುಮ್ಮೆನ್ನುತ್ತದೆ. ಚಕ್ರದ ನಡುಕವಾದರೋ 'ದಡ ದಡ' ಎಂದು ಒರಟಾದುದು. ವೇಗ ಇಳಿದಂತೆ ಹೆಚ್ಚುಕಡಿಮೆ ಎಣಿಸಲೂ ಬರುತ್ತದೆ. ಸಣ್ಣದೋ ಒರಟೋ ಎಂದು ಗುರುತಿಸಿಕೊಂಡರೆ ಹುಡುಕುವ ಜಾಗ ಅರ್ಧಕ್ಕೆ ಇಳಿದಂತೆ.

ನಾಲ್ಕು ಸಲ ಓಡಿಸಿ ನೋಡುವುದು

ಬೆಳಗಿನ ಜಾವದಲ್ಲಿ ಜನಸಂಚಾರವಿಲ್ಲದ, ನೇರವಾದ, ಒಣಗಿದ ರಸ್ತೆಯನ್ನು ಆರಿಸಿಕೊಳ್ಳಬೇಕು. ಹಿಂದೆ ಯಾರನ್ನೂ ಕೂರಿಸಿಕೊಳ್ಳಬಾರದು, ಹೆಲ್ಮೆಟ್ಟು ತಪ್ಪಬಾರದು. ಹೊರಡುವ ಮುನ್ನ ಎರಡು ಟೈರುಗಳ ಗಾಳಿಯೂ ಸರಿಯಿದೆಯೇ ನೋಡಿಕೊಳ್ಳಬೇಕು. ಗಾಳಿ ಕಡಿಮೆಯಾದ ಟೈರೇ ಎಷ್ಟೋ ನಡುಕಗಳಿಗೆ ಮೂಲ. ಮೊದಲು ಅದನ್ನು ಕಳೆಯದೆ ಬೇರೆ ಪರೀಕ್ಷೆಗೆ ಅರ್ಥವಿಲ್ಲ.

ಸುಮಾರು ೬೦ ಕಿಲೋಮೀಟರು ವೇಗಕ್ಕೆ ಏರಿಸಿ ನಾಲ್ಕು ಬಗೆಯಲ್ಲಿ ನಿಧಾನಿಸಿ ನೋಡಬೇಕು. ಮೊದಲನೆಯ ಸಲ, ಗೇರಿನಲ್ಲಿಯೇ ಇಟ್ಟು ಆಕ್ಸಿಲರೇಟರು ಮಾತ್ರ ಬಿಡುವುದು, ಬ್ರೇಕು ಮುಟ್ಟಬಾರದು. ಎರಡನೆಯ ಸಲ, ಆಕ್ಸಿಲರೇಟರು ಬಿಟ್ಟು ಕ್ಲಚ್ಚನ್ನು ಪೂರ್ತಿ ಹಿಡಿದು ತೇಲುವುದು. ಮೂರನೆಯ ಸಲ, ಮುಂದಿನ ಬ್ರೇಕನ್ನು ಮಾತ್ರ ಮೃದುವಾಗಿ ಹಿಡಿಯುವುದು. ನಾಲ್ಕನೆಯ ಸಲ, ಹಿಂದಿನ ಬ್ರೇಕನ್ನು ಮಾತ್ರ ಮೃದುವಾಗಿ ತುಳಿಯುವುದು. ಕೆಲವು ಗಾಡಿಗಳಲ್ಲಿ ಹಿಂದಿನ ಬ್ರೇಕು ತುಳಿದರೆ ಮುಂದಿನದೂ ಕೊಂಚ ಹಿಡಿಯುವಂತೆ ಜೋಡಣೆ ಇರುತ್ತದೆ. ಅಂಥ ಗಾಡಿಯವರು ನಾಲ್ಕನೆಯದರ ಫಲವನ್ನು ಮೂರನೆಯದರೊಡನೆ ಹೋಲಿಸಿ ತೀರ್ಮಾನಿಸಬೇಕು.

ಎಷ್ಟೇ ಕುತೂಹಲವಿದ್ದರೂ ಹ್ಯಾಂಡಲ್ಲಿನಿಂದ ಕೈ ತೆಗೆದು ನೋಡುವ ಸಾಹಸ ಕೂಡದು. ಸಣ್ಣ ಅದುರು ಕ್ಷಣಾರ್ಧದಲ್ಲಿ ಹಿಡಿತಕ್ಕೆ ಸಿಗದ ಒದ್ದಾಟವಾಗಬಹುದು.

ಬ್ರೇಕು ಹಿಡಿದಾಗ ಮಾತ್ರ ನಡುಗಿದರೆ

ಮುಂದಿನ ಬ್ರೇಕು ಹಿಡಿದಾಗ ಮಾತ್ರ ನಡುಕ ಬಂದು, ಬ್ರೇಕಿನ ಹಿಡಿಯೂ ಬೆರಳನ್ನು ನಾಡಿ ಬಡಿದಂತೆ ಹಿಂದಕ್ಕೆ ತಳ್ಳುತ್ತಿದ್ದರೆ ಸಂಶಯ ಡಿಸ್ಕಿನ ಮೇಲೆ. ಎಲ್ಲರೂ "ಡಿಸ್ಕು ಬೆಂಡು" ಎಂದುಬಿಡುತ್ತಾರೆ. ನಿಜವಾಗಿ ಡಿಸ್ಕು ಬಾಗಿರಬಹುದು; ಒಂದೊಂದು ಕಡೆ ಒಂದೊಂದು ದಪ್ಪಕ್ಕೆ ಸವೆದಿರಬಹುದು; ಇಲ್ಲವೆ ಬಿಸಿಯಾದ ಪ್ಯಾಡಿನ ಪದಾರ್ಥ ಒಂದು ಕಡೆ ಮೆತ್ತಿಕೊಂಡಿರಬಹುದು. ಮುಂಬಯಿಯ ಮಳೆಗಾಲದಲ್ಲಿ ವಾರಗಟ್ಟಲೆ ನಿಂತ ಗಾಡಿಗಳಲ್ಲಿ ಪ್ಯಾಡಿನ ಕೆಳಗೆ ತುಕ್ಕಿನ ಮಚ್ಚೆ ಕಟ್ಟುವುದೂ ಉಂಟು. ಡಿಸ್ಕಿನ ಓರೆಯನ್ನು ಅಳೆಯಲು ಡಯಲ್ ಗೇಜೆಂಬ ಉಪಕರಣವಿದೆ. ಅನೇಕ ಗಾಡಿಗಳ ಕೈಪಿಡಿಗಳು ಇದಕ್ಕೆ ಕೊಡುವ ಮಿತಿ ೦.೩ ಮಿಲಿಮೀಟರು ಅಥವಾ ಅದಕ್ಕಿಂತ ಕಡಿಮೆ. ಕಣ್ಣಳತೆಗೆ ಸಿಗದ ಈ ಓರೆಯನ್ನು ಅಳೆಯದೆ ಡಿಸ್ಕು ಬದಲಿಸುವುದು ನಾಡಿ ನೋಡದೆ ಔಷಧ ಕೊಟ್ಟಂತೆ. ಕನಿಷ್ಠ ದಪ್ಪ ಎಷ್ಟಿರಬೇಕೆಂಬುದನ್ನು ಸಾಮಾನ್ಯವಾಗಿ ಡಿಸ್ಕಿನ ಮೇಲೆಯೇ ಅಚ್ಚೊತ್ತಿರುತ್ತಾರೆ. ಅದಕ್ಕಿಂತ ಸವೆದಿದ್ದರೆ ಬದಲಿಸಲೇಬೇಕು.

ಹಿಂದಿನ ಬ್ರೇಕಿನಲ್ಲಿ ಡ್ರಮ್ಮು ಇರುವ ಗಾಡಿಗಳಲ್ಲಿ, ಡ್ರಮ್ಮಿನ ಒಳಮೈ ದುಂಡಗಿರದೆ ಮೊಟ್ಟೆಯಂತಾಗಿದ್ದರೆ ಪೆಡಲು ಕಾಲಡಿಯಲ್ಲಿ ಮಿಡಿಯುತ್ತದೆ. ಬ್ರೇಕ್ ಶೂಗಳಲ್ಲಿ ಧೂಳು ಸೇರಿದ್ದರೂ ಬ್ರೇಕು ಬಿಟ್ಟು ಬಿಟ್ಟು ಕಚ್ಚುತ್ತದೆ. ಆ ಧೂಳನ್ನು ಬಾಯಿಂದ ಊದಬಾರದು. ಹಳೆಯ ಶೂಗಳ ಲೈನಿಂಗಿನಲ್ಲಿ ಶ್ವಾಸಕೋಶಕ್ಕೆ ಕೇಡು ಮಾಡುವ ಆಸ್ಬೆಸ್ಟಾಸ್ ಇರುತ್ತಿತ್ತು. ಒದ್ದೆ ಬಟ್ಟೆಯಿಂದ ಒರೆಸುವುದೇ ಲೇಸು. ಹಿಂದೆ ಡಿಸ್ಕಿದ್ದರೆ, ಚೈನಿಗೆ ಎಣ್ಣೆ ಹಾಕುವಾಗ ಅದರ ಮೇಲೆ ಒಂದು ಹನಿಯೂ ಸಿಡಿಯದಂತೆ ಎಚ್ಚರವಿರಬೇಕು.

ಮುಂದಿನ ಬ್ರೇಕಿನಲ್ಲಿ ನಡುಕವಿದೆ, ಆದರೆ ಬ್ರೇಕಿನ ಹಿಡಿ ಮಿಡಿಯುತ್ತಿಲ್ಲ. ಬ್ರೇಕು ಹಿಡಿದ ಮೊದಲ ಕ್ಷಣದಲ್ಲಿ 'ಟಕ್' ಎಂದು ಒಂದು ಸದ್ದಾಗುತ್ತದೆ. ಹೀಗಾದರೆ ಡಿಸ್ಕನ್ನು ಬಿಟ್ಟು ಹ್ಯಾಂಡಲ್ಲಿನ ಬುಡಕ್ಕೆ ಬರಬೇಕು. ಮೆಕ್ಯಾನಿಕ್ಕುಗಳು ಕೋನ್ ಸೆಟ್ ಎನ್ನುವ ಬೇರಿಂಗುಗಳು ಅಲ್ಲಿವೆ. ಫೋರ್ಕು ಮತ್ತು ಹ್ಯಾಂಡಲ್ಲು ಒಟ್ಟಾಗಿ ತಿರುಗುವುದು ಅವುಗಳ ಆಧಾರದ ಮೇಲೆ. ಗುಂಡಿ ಬಿದ್ದ ರಸ್ತೆಗಳಲ್ಲಿ ಏಟು ತಿಂದು ತಿಂದು ಅವು ಸಡಿಲವಾಗುತ್ತವೆ.

ಪುಣೆಯಲ್ಲಿರುವ ಪರಿಚಿತ ಕುಟುಂಬವೊಂದರ ಸಂಗತಿಯನ್ನು ಇಲ್ಲಿ ಹೇಳಬಹುದು. ೫೦ರ ವೇಗದಲ್ಲಿ ಬ್ರೇಕು ಹಿಡಿದರೆ ಗಾಡಿಯ ಮುಂಭಾಗ ಅದುರುತ್ತಿತ್ತು. ರಿಪೇರಿ ಅಂಗಡಿಯಲ್ಲಿ ಮೊದಲು ಪ್ಯಾಡು ಬದಲಿಸಿದರು, ಆಮೇಲೆ ಡಿಸ್ಕು ಬದಲಿಸಿದರು. ನಡುಕ ಮಾತ್ರ ಇದ್ದಲ್ಲೇ ಇತ್ತು. ಒಂದು ದಿನ ಹಿಂದೆ ಕುಳಿತಿದ್ದ ಮನೆಯಾಕೆಯೇ, "ರೀ, ನೀವು ಬ್ರೇಕು ಹಿಡಿದ ಕೂಡಲೆ ಮುಂದುಗಡೆ ಏನೋ ಟಕ್ ಅನ್ನತ್ತಲ್ಲ, ಅದೇನು?" ಎಂದು ಕೇಳಿದರು. ಆ ಮಾತನ್ನೇ ಬೇರೊಬ್ಬ ಮೆಕ್ಯಾನಿಕ್ಕಿಗೆ ಹೇಳಿದಾಗ, ಆತ ಗಾಡಿಯನ್ನು ನಡುಸ್ಟ್ಯಾಂಡಿನ ಮೇಲೆ ನಿಲ್ಲಿಸಿ, ಮುಂಚಕ್ರ ನೆಲದಿಂದ ಏಳುವಂತೆ ಮಾಡಿ, ಫೋರ್ಕಿನ ಎರಡು ತುದಿಗಳನ್ನೂ ಹಿಡಿದು ಹಿಂದಕ್ಕೂ ಮುಂದಕ್ಕೂ ಅಲ್ಲಾಡಿಸಿದ. ಬುಡ ಸಡಿಲವಾಗಿತ್ತು! ಕೋನ್ ಸೆಟ್ ಬದಲಿಸಿ ಸರಿಯಾಗಿ ಬಿಗಿದ ಮೇಲೆ ನಡುಕ ನಿಂತಿತು.

ಈ ಪರೀಕ್ಷೆಯನ್ನು ಮನೆಯಲ್ಲೂ ಇಬ್ಬರು ಸೇರಿ ಮಾಡಬಹುದು. ಒಬ್ಬರು ಗಾಡಿಯ ಹಿಂಭಾಗವನ್ನು ಒತ್ತಿ ಹಿಡಿಯಬೇಕು, ಇನ್ನೊಬ್ಬರು ಫೋರ್ಕನ್ನು ಅಲ್ಲಾಡಿಸಬೇಕು. ಆಮೇಲೆ ಹ್ಯಾಂಡಲ್ಲನ್ನು ಮೆಲ್ಲಗೆ ಎಡಕ್ಕೂ ಬಲಕ್ಕೂ ತಿರುಗಿಸಿ ನೋಡಬೇಕು. ನಟ್ಟನಡುವೆ ಬಂದಾಗ ಗಾಡಿಯಲ್ಲಿ ಬಿದ್ದಂತೆ ಸಿಕ್ಕಿಕೊಂಡರೆ ಬೇರಿಂಗಿನಲ್ಲಿ ಕುಳಿ ಬಿದ್ದಿದೆಯೆಂದು ತಿಳಿಯಬೇಕು. ಅದನ್ನು ಬಿಗಿಗೊಳಿಸಿ ಪ್ರಯೋಜನವಿಲ್ಲ, ಬದಲಿಸಬೇಕು. ಚಕ್ರವನ್ನು ಮೇಲೆ ಕೆಳಗೆ ಹಿಡಿದು ಅಡ್ಡಡ್ಡಲಾಗಿ ಅಲ್ಲಾಡಿಸಿದಾಗ ಕಟಕಟ ಎಂದರೆ ದೋಷ ಚಕ್ರದ ಬೇರಿಂಗಿನದು.

ಬ್ರೇಕು ಮುಟ್ಟದೆಯೂ ನಡುಗಿದರೆ

ಈಗ ಮೊದಲ ಎರಡು ಓಟಗಳಿಗೆ ಬರೋಣ. ಗೇರಿನಲ್ಲಿದ್ದಾಗ ನಡುಕವಿದ್ದು ಕ್ಲಚ್ಚು ಹಿಡಿದ ಕೂಡಲೆ ಹೋದರೆ, ಕಾರಣ ಎಂಜಿನಿನಲ್ಲಿ ಇಲ್ಲವೆ ಎಂಜಿನಿನಿಂದ ಚಕ್ರದವರೆಗಿನ ಎಳೆತದ ದಾರಿಯಲ್ಲಿದೆ. ಕ್ಲಚ್ಚು ಹಿಡಿದಾಗಲೂ ಚೈನು ತಿರುಗುತ್ತಲೇ ಇರುತ್ತದೆ ನಿಜ. ಆದರೆ ಅದರ ಮೇಲೆ ಎಂಜಿನಿನ ಹೊರೆ ಇರುವುದಿಲ್ಲ.

ಇಲ್ಲಿ ಮೊದಲು ನೋಡಬೇಕಾದುದು ಚೈನು. ಎಂಜಿನು ನಿಲ್ಲಿಸಿ, ಗೇರು ನ್ಯೂಟ್ರಲಿಗೆ ತಂದು, ಹಿಂಚಕ್ರವನ್ನು ಕೈಯಿಂದ ತಿರುಗಿಸುತ್ತ ನಾಲ್ಕಾರು ಕಡೆ ಚೈನಿನ ಜೋಲನ್ನು ಅಳೆಯಬೇಕು. ಅನೇಕ ಗಾಡಿಗಳಿಗೆ ೨೦ರಿಂದ ೩೫ ಮಿಲಿಮೀಟರಿನೊಳಗೆ ಒಂದು ಅಳತೆ ಹೇಳಿರುತ್ತಾರೆ. ನಿಮ್ಮ ಗಾಡಿಯ ಕೈಪಿಡಿಯಲ್ಲಿರುವುದೇ ಪ್ರಮಾಣ. ಒಂದು ಕಡೆ ಜೋಲು, ಇನ್ನೊಂದು ಕಡೆ ಬಿಗಿ ಇದ್ದರೆ ಚೈನು ಒಂದೇ ಸಮನಾಗಿ ಸವೆದಿಲ್ಲವೆಂದು ಅರ್ಥ. ಇದರ ನಡುಕವನ್ನು ಗತಿಯಿಂದಲೂ ಗುರುತಿಸಬಹುದು. ಹಿಂದಿನ ಸ್ಪ್ರಾಕೆಟ್ಟಿಗೆ ೪೨ ಹಲ್ಲು, ಚೈನಿಗೆ ೧೧೦ ಕೊಂಡಿ ಎಂದಿಟ್ಟುಕೊಂಡರೆ, ಚಕ್ರ ಎರಡೂವರೆಗೂ ಮಿಕ್ಕಿ ಸುತ್ತು ತಿರುಗಿದಾಗ ಚೈನಿನ ಒಂದು ಸುತ್ತು ಮುಗಿಯುತ್ತದೆ. ೧೮ ಕಿಲೋಮೀಟರು ವೇಗದಲ್ಲಿ ಹೆಚ್ಚುಕಡಿಮೆ ಸೆಕೆಂಡಿಗೊಮ್ಮೆ ಜಗ್ಗಿದಂತಾದರೆ ಅದು ಚಕ್ರದ್ದಲ್ಲ, ಚೈನಿನದು.

ಎಂಜಿನು ಓಡುತ್ತಿರುವಾಗ ಬಟ್ಟೆ ಹಿಡಿದು ಚೈನು ಒರೆಸುವುದನ್ನು ಅಲ್ಲಲ್ಲಿ ನೋಡುತ್ತೇವೆ. ಬಟ್ಟೆ ಸಿಕ್ಕಿದರೆ ಅದರ ಹಿಂದೆಯೇ ಬೆರಳೂ ಹೋಗುತ್ತದೆ. ಮಕ್ಕಳು ಸುತ್ತಮುತ್ತ ಇರುವ ಮನೆಗಳಲ್ಲಿ ಈ ರೂಢಿಯನ್ನು ಇಂದೇ ಬಿಡಬೇಕು.

ಹಿಂಚಕ್ರದ ಡ್ರಮ್ಮಿನೊಳಗೆ ಎಳೆತದ ಏಟನ್ನು ನುಂಗುವ ರಬ್ಬರು ತುಂಡುಗಳಿರುತ್ತವೆ. ಅಂಗಡಿಗಳಲ್ಲಿ ಡ್ರಮ್ ರಬ್ಬರ್ ಎಂದು ಕೇಳಿದರೆ ಕೊಡುತ್ತಾರೆ. ಅವು ಸವೆದರೆ ಆಕ್ಸಿಲರೇಟರು ಬಿಟ್ಟಾಗಲೂ ಮತ್ತೆ ಕೊಟ್ಟಾಗಲೂ ಗಾಡಿ ಜರ್ಕು ಹೊಡೆಯುತ್ತದೆ. ಗಾಡಿ ಗೇರಿನಲ್ಲಿದ್ದಾಗ ಹಿಂಚಕ್ರವನ್ನು ಕೈಯಿಂದ ಹಿಂದೆ ಮುಂದೆ ಆಡಿಸಿ, ಸ್ಪ್ರಾಕೆಟ್ಟು ನಿಂತಿದ್ದು ಚಕ್ರ ಮಾತ್ರ ಸಡಿಲವಾಗಿ ಆಡಿದರೆ ಅವುಗಳ ಕಾಲ ಮುಗಿಯಿತು. ಇವೆಲ್ಲ ಸರಿಯಿದ್ದು ನಡುಕ ಝೇಂಕಾರದಂತೆ ಸಣ್ಣದಾಗಿದ್ದರೆ ಎಂಜಿನನ್ನು ಚೌಕಟ್ಟಿಗೆ ಬಿಗಿದ ಬೋಲ್ಟುಗಳನ್ನು ನೋಡಿಸಬೇಕು.

ಕ್ಲಚ್ಚು ಹಿಡಿದರೂ, ಬ್ರೇಕು ಮುಟ್ಟದಿದ್ದರೂ ನಡುಕ ಹಾಗೆಯೇ ಇದ್ದರೆ ಚಕ್ರ, ಟೈರು, ಕೋನ್ ಸೆಟ್ ಇವುಗಳಲ್ಲಿ ಹುಡುಕಬೇಕು. ಚಕ್ರವನ್ನು ನೆಲದಿಂದ ಎತ್ತಿ ತಿರುಗಿಸಿ, ರಿಮ್ಮಿನ ಅಂಚಿಗೆ ಒಂದು ಕಡ್ಡಿ ಹಿಡಿದು ನೋಡಿದರೆ ಓರೆ ಕಾಣುತ್ತದೆ. ಸ್ಪೋಕುಗಳಿರುವ ಚಕ್ರವನ್ನು ಕಡ್ಡಿ ಬಿಗಿದು ನೇರ ಮಾಡಬಹುದು. ಎರಕದ ಚಕ್ರ ಗುಂಡಿಗೆ ಬಿದ್ದು ಬಾಗಿದ್ದರೆ ಅಥವಾ ಬಿರುಕು ಬಿಟ್ಟಿದ್ದರೆ ಬದಲಿಸುವುದೇ ಕ್ಷೇಮ. ಟೈರಿನ ಮೇಲೆ ಅಂಗೈ ಆಡಿಸಿದಾಗ ಏರುತಗ್ಗು ತಗಲಿದರೆ ಟೈರು ಅಲೆಅಲೆಯಾಗಿ ಸವೆದಿದೆ. ರಿಮ್ಮಿನ ಪಕ್ಕದಲ್ಲಿ ಟೈರಿನ ಸುತ್ತಲೂ ಸಣ್ಣ ಗೆರೆಯೊಂದು ಇರುತ್ತದೆ; ಅದು ಒಂದೇ ಸಮನಾಗಿ ಕಾಣದಿದ್ದರೆ ಟೈರು ಸರಿಯಾಗಿ ಕೂತಿಲ್ಲ. ಪಂಕ್ಚರು ಹಾಕಿಸಿದ ಮರುದಿನವೇ ನಡುಕ ಶುರುವಾದರೆ ಇದನ್ನೇ ಮೊದಲು ನೋಡತಕ್ಕದ್ದು.

ಕಾಯಿಲೆಯಲ್ಲದ ನಡುಕಗಳು

ಎಲ್ಲ ನಡುಕವೂ ದೋಷವಲ್ಲ. ೨೦೧೯ರ ಏಪ್ರಿಲ್ ೧ರಿಂದ ನಮ್ಮ ದೇಶದಲ್ಲಿ ೧೨೫ ಸಿ.ಸಿ.ಗೆ ಮೇಲ್ಪಟ್ಟ ಹೊಸ ದ್ವಿಚಕ್ರ ವಾಹನಗಳಿಗೆ ಎ.ಬಿ.ಎಸ್. ಕಡ್ಡಾಯವಾಗಿದೆ. ಚಕ್ರ ಕಚ್ಚಿಕೊಂಡು ಜಾರದಂತೆ ಅದು ಬ್ರೇಕನ್ನು ಕ್ಷಣಕ್ಷಣಕ್ಕೂ ಬಿಟ್ಟು ಹಿಡಿಯುತ್ತದೆ. ಆಗ ಬ್ರೇಕಿನ ಹಿಡಿಯೋ ಪೆಡಲೋ ಮಿಡಿದೇ ಮಿಡಿಯುತ್ತದೆ. ಮರಳಿನ ಮೇಲೆ ಅಥವಾ ಗಟ್ಟಿಯಾಗಿ ಬ್ರೇಕು ಹಾಕಿದಾಗ ಹೀಗಾದರೆ ಹೆದರಿ ಬ್ರೇಕು ಬಿಡಬಾರದು. ಒಣ ರಸ್ತೆಯಲ್ಲಿ ಮೃದುವಾಗಿ ಹಿಡಿದಾಗಲೂ ಮಿಡಿದರೆ ಮಾತ್ರ ಮೇಲೆ ಹೇಳಿದಂತೆ ಡಿಸ್ಕನ್ನು ಪರೀಕ್ಷಿಸಬೇಕು.

ಮೇಲಿನ ಗೇರಿನಲ್ಲಿಯೇ ೨೫, ೨೦ ಕಿಲೋಮೀಟರಿಗೆ ಇಳಿದರೆ ಯಾವ ಎಂಜಿನಾದರೂ ತಿಣುಕಿ ನಡುಗುತ್ತದೆ. ಅದಕ್ಕೆ ಮದ್ದು ಗೇರು ಇಳಿಸುವುದು, ಅಷ್ಟೆ. ೧೯೫೫ರಿಂದ ಮದರಾಸಿನಲ್ಲಿ ತಯಾರಾಗತೊಡಗಿದ ಬುಲೆಟ್ಟಿನ ಹಳೆಯ ೩೫೦ ಸಿ.ಸಿ. ಎಂಜಿನಿನಲ್ಲಿ ಇರುವುದು ಒಂದೇ ಸಿಲಿಂಡರು. ಅದರೊಳಗೆ ಪಿಸ್ಟನ್ನಿನ ಓಡಾಟ ೯೦ ಮಿಲಿಮೀಟರು. ಅಂಥ ಯಂತ್ರ ನಿಧಾನಗತಿಯಲ್ಲಿ ಕೊಂಚ ಗಡಗಡ ಎನ್ನುವುದು ಅದರ ಹುಟ್ಟುಗುಣ. ಮೈಸೂರಿನಲ್ಲಿ ೧೯೬೧ರಲ್ಲಿ ತಯಾರಿಕೆ ಆರಂಭಿಸಿ ೧೯೯೬ರಲ್ಲಿ ಬಾಗಿಲು ಹಾಕಿದ ಐಡಿಯಲ್ ಜಾವಾ ಕಾರ್ಖಾನೆಯ ಜಾವಾ, ಯೆಜ್ಡಿ ಗಾಡಿಗಳನ್ನು ಅಭಿಮಾನದಿಂದ ಉಳಿಸಿಕೊಂಡವರು ನಮ್ಮವರಲ್ಲಿ ಇದ್ದಾರೆ. ಅವು ಎರಡು ಸ್ಟ್ರೋಕಿನ ಎಂಜಿನುಗಳು. ಆಕ್ಸಿಲರೇಟರು ಬಿಟ್ಟಾಗ ತಪ್ಪಿ ತಪ್ಪಿ ಉರಿದು ಜಗ್ಗುವುದು ಸಹಜ. ಆದರೆ ಪೆಟ್ರೋಲಿನಲ್ಲೇ ಎಣ್ಣೆ ಬೆರೆಸುವ ಇಂಥ ಗಾಡಿಯಲ್ಲಿ ಉದ್ದನೆಯ ಘಾಟಿ ಇಳಿಯುವವರು ಒಂದು ಮಾತು ನೆನಪಿಡಬೇಕು. ಆಕ್ಸಿಲರೇಟರು ಮುಚ್ಚಿದರೆ ಪೆಟ್ರೋಲಿನೊಡನೆ ಎಣ್ಣೆಯೂ ಕಡಿಮೆಯಾಗುತ್ತದೆ. ಆಗಾಗ ಸ್ವಲ್ಪ ಕೊಟ್ಟು ಎಂಜಿನಿಗೆ ಎಣ್ಣೆ ಉಣಿಸುತ್ತ ಇಳಿಯುವುದು ಜಾಣತನ.

ಮೆಕ್ಯಾನಿಕ್ಕಿಗೆ ಹೇಳುವ ಬಗೆ

ಪರಭಾಷೆಯ ಊರಿನಲ್ಲಿರುವ ನಮಗೆ ಇನ್ನೊಂದು ತೊಡಕು ಉಂಟು. "ಗಾಡಿ ನಡುಗುತ್ತದೆ" ಎಂಬುದನ್ನು ಮರಾಠಿಯಲ್ಲೋ ತಮಿಳಿನಲ್ಲೋ ತೆಲುಗಿನಲ್ಲೋ ಹೇಗೋ ಹೇಳಿ ಬಂದುಬಿಡುತ್ತೇವೆ. ಅಷ್ಟರಿಂದ ಮೆಕ್ಯಾನಿಕ್ಕಿಗೆ ಏನೂ ತಿಳಿಯದು. ಆತ ಊಹೆಯ ಮೇಲೆ ಒಂದೊಂದೇ ಭಾಗ ಬದಲಿಸುತ್ತ ಹೋಗುತ್ತಾನೆ. ಅದೃಷ್ಟಕ್ಕೆ ಡಿಸ್ಕ್, ಪ್ಯಾಡ್, ಬೇರಿಂಗ್, ಕೋನ್ ಸೆಟ್, ಚೈನ್ ಎಂಬ ಮಾತುಗಳಿಗೆ ಭಾಷೆಯ ಗಡಿ ಇಲ್ಲ. ನಾಲ್ಕು ಉತ್ತರಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೋದರೆ ಸಾಕು: ನಡುಕ ಯಾವ ವೇಗದಿಂದ ಯಾವ ವೇಗದವರೆಗೆ? ಬ್ರೇಕು ಹಿಡಿದಾಗಲೋ ಬಿಟ್ಟಾಗಲೋ, ಹಿಡಿದಾಗಲಾದರೆ ಯಾವ ಬ್ರೇಕು? ಕ್ಲಚ್ಚು ಹಿಡಿದರೆ ನಿಲ್ಲುತ್ತದೆಯೋ ಇಲ್ಲವೋ? ಕೈಗೆ, ಸೀಟಿಗೆ, ಕಾಲಿಗೆ, ಎಲ್ಲಿ ಮೊದಲು ತಗಲುತ್ತದೆ? ಈ ಕೊನೆಯ ಪ್ರಶ್ನೆಗೆ ಹಿಂದೆ ಕೂರುವವರ ಸಾಕ್ಷ್ಯವೂ ಬೇಕು. ಓಡಿಸುವವರ ಗಮನವೆಲ್ಲ ರಸ್ತೆಯ ಮೇಲಿರುವಾಗ, ಹಿಂಚಕ್ರದ ಮೇಲೆಯೇ ಕುಳಿತವರಿಗೆ ಅದರ ನಡುಕ ಬೇಗ ತಿಳಿಯುತ್ತದೆ.

ಮೂರು ಸಂದರ್ಭಗಳಲ್ಲಿ ಮಾತ್ರ ಚೀಟಿ ಬರೆಯುತ್ತ ಕೂರದೆ ಗಾಡಿಯನ್ನು ಅಲ್ಲಿಯೇ ನಿಲ್ಲಿಸಬೇಕು. ಚಕ್ರ ಅಥವಾ ಫೋರ್ಕು ಕೈಗೆ ಸಡಿಲವಾಗಿ ಆಡಿದರೆ, ರಿಮ್ಮಿನಲ್ಲಿ ಬಿರುಕು ಕಂಡರೆ, ನಡುಕ ದಿನದಿಂದ ದಿನಕ್ಕೆ ಏರುತ್ತಿದ್ದರೆ, ಅದರ ಮೇಲೆ ಮನೆಯವರನ್ನು ಕೂರಿಸಬಾರದು. ಅಂಥ ಗಾಡಿಯನ್ನು ಓಡಿಸಿಕೊಂಡಲ್ಲ, ಬೇರೊಂದು ವಾಹನದಲ್ಲಿ ಹೇರಿಸಿಕೊಂಡು ರಿಪೇರಿಗೆ ಒಯ್ಯಬೇಕು. ಒಂದು ದಿನ ಬಸ್ಸಿನಲ್ಲೋ ಲೋಕಲ್ ರೈಲಿನಲ್ಲೋ ಕಚೇರಿಗೆ ಹೋದರೆ ನಷ್ಟವೇನೂ ಇಲ್ಲ. ಗಾಡಿ ಓಡುವುದಕ್ಕಿಂತ ಅದು ಬೇಕೆಂದಾಗ, ಬೇಕಾದಲ್ಲಿ, ನೆಟ್ಟಗೆ ನಿಲ್ಲುವುದು ಮುಖ್ಯ.